ಬಾಟಲಿ ನೀರಿನ ಬಾಕಿ ಲೆಕ್ಕ

ದಿಲ್ಲಿಗೆ ಬಂದ ಕನ್ನಡಿಗ ಹಿಂದಿ ಕಲಿಯುವ ಮೊದಲೇ ನಲ್ಲಿ ನೀರಿಗೆ ಹೆದರೋದನ್ನ ಕಲಿತುಬಿಡ್ತಾನೆ. ಮನೆಗೆ ಇಪ್ಪತ್ತು ಲೀಟರಿನ ಜಾರ್ (ನಮ್ಮಲ್ಲಿ ಕ್ಯಾನ್ ಅಂತೀವಲ್ಲ, ಅದೇ), ಹೊರಗೆ ಹೊರಟರೆ ಕೈಯಲ್ಲೊಂದು ಬಾಟಲಿ. ಗುರುಗ್ರಾಮ, ನೋಯ್ಡಾಗಳಲ್ಲಂತೂ ಇದು ದೊಡ್ಡಸ್ತಿಕೆಯ ಗುರುತು. ಲೀಟರಿಗೆ ಹದಿನೆಂಟೋ ಇಪ್ಪತ್ತೋ ಕೊಟ್ಟರೆ ಲೆಕ್ಕ ಚುಕ್ತಾ ಅಂತ ನಂಬಿದ್ದೇವೆ. ಬ್ಯಾಂಕಿನ ಲೆಡ್ಜರ್ ನೋಡಿಯೇ ತಲೆ ನರೆಸಿಕೊಂಡವನು ಹೇಳ್ತೀನಿ ಸ್ವಾಮಿ, ಚುಕ್ತಾ ಆಗಿಲ್ಲ. ಬಾಕಿ ಬೇರೆಯವರ ಖಾತೆಗೆ ಹೋಗಿದೆ.

ಬಾಟಲಿ ತುಂಬಲು ಅಂತರ್ಜಲ ಎತ್ತಬೇಕು, ಶುದ್ಧ ಮಾಡುವಾಗ ಒಂದು ಪಾಲು ಚರಂಡಿಗೆ ಬಿಡಬೇಕು. ಪೆಟ್ರೋಲಿಯಂನಿಂದ ಪ್ಲಾಸ್ಟಿಕ್, ಸಾಗಿಸಲು ಲಾರಿಗೆ ಡೀಸೆಲ್. ಬಾರ್ಸಿಲೋನಾ ನಗರದ ಬಗ್ಗೆ 2021ರಲ್ಲಿ ಒಂದು ಅಧ್ಯಯನ ಬಂತು. ಊರಿಗೆ ಊರೇ ಬಾಟಲಿ ನೀರು ಕುಡಿದರೆ ಪರಿಸರಕ್ಕೆ ಬೀಳುವ ಪೆಟ್ಟು ನಲ್ಲಿ ನೀರಿಗಿಂತ 1400 ಪಟ್ಟು ಹೆಚ್ಚು ಅಂತ ಅದರ ಲೆಕ್ಕ. ನಮ್ಮ ನಲ್ಲಿ ಅಲ್ಲಿನಷ್ಟು ಚೊಕ್ಕ ಇಲ್ಲ, ಒಪ್ಪೋಣ. ಹತ್ತರಲ್ಲಿ ಒಂದು ಪಾಲಿಗೆ ಇಳಿಸಿದರೂ 140 ಪಟ್ಟು!

ಖಾಲಿ ಬಾಟಲಿಯಲ್ಲಿ ಕಬಾಡಿಯವನು ಆರಿಸಿ ಬಿಟ್ಟದ್ದು ಮೋರಿಗೆ, ಯಮುನೆಗೆ, ಘಾಜಿಪುರದ ಕಸದ ಗುಡ್ಡಕ್ಕೆ. ಆ ಗುಡ್ಡ 2017ರ ಸೆಪ್ಟೆಂಬರ್ 1ರಂದು ಕುಸಿದು ಇಬ್ಬರು ಸತ್ತರು.

'ಹಾಗಂತ ಕೊಳಕು ನೀರು ಕುಡಿಯೋದಾ?' ಅಂತೀರಿ. ನಿಜ, 2019ರಲ್ಲಿ ಭಾರತೀಯ ಮಾನಕ ಬ್ಯೂರೋ ದಿಲ್ಲಿಯ 11 ಕಡೆ ನಲ್ಲಿ ನೀರು ಪರೀಕ್ಷಿಸಿದಾಗ ಹನ್ನೊಂದೂ ಫೇಲಾದವು. ಆದರೆ ಬಾಟಲಿಯ ಮಾರ್ಕ್ಸ್ ಕಾರ್ಡೂ ನೋಡಿ. 2003ರಲ್ಲಿ ದಿಲ್ಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ ಸಂಸ್ಥೆ ಬಾಟಲಿ ನೀರಲ್ಲಿ ಕೀಟನಾಶಕ ಪತ್ತೆ ಮಾಡಿತು. 2024ರಲ್ಲಿ ಅಮೆರಿಕದ ವಿಜ್ಞಾನಿಗಳು ಬಾಟಲಿ ನೀರಿನ ಲೀಟರಿಗೆ ಸರಾಸರಿ ಸುಮಾರು 2,40,000 ಪ್ಲಾಸ್ಟಿಕ್ ಕಣ ಎಣಿಸಿದರು.

ಗಮನಿಸಿ, 2003ರಲ್ಲಿ ಗಲಾಟೆ ಎದ್ದಿದ್ದಕ್ಕೇ ಬಾಟಲಿ ನೀರಿನ ಮಾನಕ ಬಿಗಿಯಾಯಿತು. ನಲ್ಲಿಗಾಗಿ ಅಂಥ ಗಲಾಟೆ ಯಾಕೆ ಏಳಲಿಲ್ಲ? ಮಾತಿಗೆ ಬೆಲೆಯಿದ್ದವರೆಲ್ಲ ಜಾರ್ ತರಿಸಿಕೊಂಡು ಸುಮ್ಮನಾದರು. ಉಳಿದವರು ಸಂಗಮ್ ವಿಹಾರದಂಥ ಕಡೆ ಟ್ಯಾಂಕರಿಗೆ ಕೊಡ ಹಿಡಿದು ಕಾಯುವವರು. ಅವರ ಕೂಗು ಯಾರಿಗೆ ಕೇಳೀತು? 2025ರ ಸೆಪ್ಟೆಂಬರಿನಲ್ಲಿ ಬಾಟಲಿ ನೀರಿನ ಜಿಎಸ್‌ಟಿ ಶೇ. 18ರಿಂದ 5ಕ್ಕೆ ಇಳಿಯಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಹಳೇ ಪೈಪು ಬದಲಿಸಿ ಅಂತ ಕೇಳಿದವರು ಕಡಿಮೆ. ದುಡ್ಡಿದ್ದವನು ಬಿಟ್ಟು ಹೋದ ನಲ್ಲಿ ಇನ್ನಷ್ಟು ಕೆಡುತ್ತದೆ. ಬಾಟಲಿಯ ನಿಜವಾದ ಖರ್ಚು ಇದೇ.

ಊರಲ್ಲಿರುವ ನಿಮಗೆ ಇದನ್ನೆಲ್ಲ ಯಾಕೆ ಬರೀತೀನಿ ಅಂದರೆ, ಈಗ ನಮ್ಮ ಮದುವೆ ಮನೆಗಳಲ್ಲೂ ಬಾಳೆಲೆ ಪಕ್ಕ ಪುಟ್ಟ ಬಾಟಲಿ ಬಂದು ಕೂತಿದೆ. ಎರಡು ಗುಟುಕು ಕುಡಿದು ಎಲೆಯ ಜೊತೆಗೇ ಎಸೀತಾರೆ. ಲೋಟ, ಜಗ್ಗು ಎಲ್ಲಿ ಹೋದವು? ದಿಲ್ಲಿ ನೋಡಿ ಕಲಿಯೋದು ಬೇಕಾದಷ್ಟಿದೆ, ಇದೊಂದು ಮಾತ್ರ ಬೇಡ. ನಲ್ಲಿ ನೀರು ಕೆಟ್ಟರೆ ಕ್ಯಾನಿನವನಿಗೆ ಫೋನ್ ಮಾಡುವ ಮೊದಲು ಜಲಮಂಡಳಿಗೋ ಪಂಚಾಯ್ತಿಗೋ ಹೋಗಿ ಜಗಳ ಆಡಿ. ಅಕ್ಕಪಕ್ಕದವರನ್ನೂ ಕರ್ಕೊಂಡು ಹೋಗಿ.