ಆ ದಿನಗಳು ಕಳೆದುಹೋಗಲಿಲ್ಲ, ಕಿತ್ತುಕೊಂಡರು

ರೇವ್ ಅಂದರೆ ನಮಗೆ ಗೊತ್ತಿರುವುದು ಟಿವಿ ಸುದ್ದಿಯ ರೇವ್. ಹೋಮ್‌ಸ್ಟೇ, ತೋಟದ ಮನೆ, ಪೊಲೀಸ್ ದಾಳಿ, ಮುಖ ಮುಚ್ಚಿಕೊಂಡು ಜೀಪು ಹತ್ತುವ ಹುಡುಗ ಹುಡುಗಿಯರು, ಕೆಳಗೆ ಕೆಂಪು ಪಟ್ಟಿಯಲ್ಲಿ ಓಡುವ ಅಕ್ಷರ. ಹತ್ತು ಜನ ಸೇರಿ ಬರ್ತ್‌ಡೇಗೆ ಡಿಜೆ ಹಾಕಿದರೂ ನಮ್ಮ ಚಾನೆಲ್‌ಗಳಿಗೆ ಅದು ರೇವ್ ಪಾರ್ಟಿಯೇ. ಆದರೆ ಈ ಪದಕ್ಕೆ ಈಗಿನ ಅರ್ಥ ಬಂದ ಇಂಗ್ಲೆಂಡಿನಲ್ಲಿ ಅದನ್ನು ಕೇಳಿದರೆ ಐವತ್ತು ದಾಟಿದವರ ಕಣ್ಣು ತೇವವಾಗುತ್ತದೆ. ಅವರಿಗೆ ಅದು ಯೌವನದ ಹೆಸರು. ‘ಆಗ ಹೇಗಿತ್ತು ಗೊತ್ತಾ’ ಎಂಬ ಈ ಹಳಹಳಿಕೆ ಅಲ್ಲಿ ಈಗ ದೊಡ್ಡ ವ್ಯಾಪಾರ. ಸಾಕ್ಷ್ಯಚಿತ್ರ, ಟೀ ಶರ್ಟ್, ಹಳೆಯ ಕರಪತ್ರಗಳ ಪ್ರದರ್ಶನ. ಆಗಿನ ಹಾಡುಗಳನ್ನು ಪಿಟೀಲು, ತುತ್ತೂರಿ ಇಟ್ಟುಕೊಂಡು ಆರ್ಕೆಸ್ಟ್ರಾದವರು ನುಡಿಸುವ ಟಿಕೆಟ್ ಕಾರ್ಯಕ್ರಮಗಳೂ ಇವೆ.

ನನ್ನ ತಕರಾರು ಈ ಹಳಹಳಿಕೆಯ ಬಗ್ಗೆ. ಕುಣಿತದ ಬಗ್ಗೆ ಅಲ್ಲ. ತಮಟೆ ಪೆಟ್ಟಿಗೆ ರಾತ್ರಿಯೆಲ್ಲ ನಿದ್ದೆಗೆಟ್ಟು ಕುಣಿದ ಊರಿನವರಿಗೆ ಒಂದೇ ತಾಳ ಗಂಟೆಗಟ್ಟಲೆ ಬಡಿದರೆ ಮೈಗೆ ಏನಾಗುತ್ತದೆ ಎಂದು ಯಾರೂ ಬಿಡಿಸಿ ಹೇಳಬೇಕಿಲ್ಲ.

ಅವರು ಹೇಳುವ ಕಥೆ ಹೀಗಿದೆ. 1987ರ ಬೇಸಿಗೆಯಲ್ಲಿ ಲಂಡನ್ನಿನ ನಾಲ್ವರು ಡಿಜೆ ಗೆಳೆಯರು ಸ್ಪೇನಿನ ಇಬಿಜಾ ದ್ವೀಪಕ್ಕೆ ರಜೆಗೆ ಹೋದರು. ಅಲ್ಲಿನ ಕ್ಲಬ್ಬಿನಲ್ಲಿ ಬೆಳಗಿನವರೆಗೆ ಕುಣಿದು ಮರುಳಾಗಿ ವಾಪಸಾದರು. ಅವರಲ್ಲೊಬ್ಬರಾದ ಡ್ಯಾನಿ ರಾಂಪ್ಲಿಂಗ್ ಲಂಡನ್ನಿನ ಒಂದು ವ್ಯಾಯಾಮಶಾಲೆಯಲ್ಲಿ ‘ಶೂಮ್’ ಎಂಬ ಕ್ಲಬ್ ಶುರು ಮಾಡಿದರು. 1988ಕ್ಕೆ ದೇಶವೇ ಕುಣಿಯಿತು. ಬಡವ ಬಲ್ಲಿದ, ಕಪ್ಪು ಬಿಳುಪು ಎಲ್ಲ ಒಂದಾಯಿತು. ಫುಟ್‌ಬಾಲ್ ಮೈದಾನದಲ್ಲಿ ಹೊಡೆದಾಡುತ್ತಿದ್ದವರು ತಬ್ಬಿಕೊಂಡರು. ಆಮೇಲೆ ನಮಗೆ ವಯಸ್ಸಾಯಿತು, ಮಕ್ಕಳಾದವು. ಈಗಿನ ಹುಡುಗರೋ, ಫೋನ್ ಎತ್ತಿ ಹಿಡಿದು ನಿಲ್ಲುತ್ತಾರೆ, ಕುಣಿಯುವುದೇ ಇಲ್ಲ. ಮುಗಿಯಿತು ಕಥೆ.

ಈ ಕಥೆ ಶುರುವಾಗುವ ಊರೇ ತಪ್ಪು. ಅಮೆರಿಕದ ಷಿಕಾಗೋದಲ್ಲಿ 1977ರಲ್ಲಿ ‘ವೇರ್‌ಹೌಸ್’ ಎಂಬ ಕ್ಲಬ್ ತೆರೆಯಿತು. ಅಲ್ಲಿ ರೆಕಾರ್ಡ್ ಹಾಕುತ್ತಿದ್ದವರು ನ್ಯೂಯಾರ್ಕಿನಿಂದ ಬಂದಿದ್ದ ಫ್ರಾಂಕಿ ನಕಲ್ಸ್. ಕಪ್ಪು ಜನಾಂಗದವರು, ಸಲಿಂಗಿ. ಕುಣಿಯಲು ಬರುತ್ತಿದ್ದವರಲ್ಲಿ ಹೆಚ್ಚಿನವರು ಅವರಂಥವರೇ. ಹಗಲಲ್ಲಿ ತಾವು ಯಾರೆಂದು ಹೇಳಿಕೊಳ್ಳಲಾಗದವರಿಗೆ ರಾತ್ರಿ ಅಲ್ಲೊಂದು ಜಾಗವಿತ್ತು. ‘ಹೌಸ್’ ಸಂಗೀತ ಎಂಬ ಹೆಸರು ಬಂದದ್ದೇ ಆ ವೇರ್‌ಹೌಸ್‌ನ ಬಾಲದಿಂದ.

ಅದೇ ಊರಿನಲ್ಲಿ 1979ರ ಜುಲೈ 12ರಂದು ಇನ್ನೊಂದು ಘಟನೆ ನಡೆಯಿತು. ಸ್ಟೀವ್ ಡಾಲ್ ಎಂಬ ರೇಡಿಯೊ ನಿರೂಪಕನಿಗೆ ಡಿಸ್ಕೊ ಕಂಡರೆ ಆಗುತ್ತಿರಲಿಲ್ಲ. ಬೇಸ್‌ಬಾಲ್ ಪಂದ್ಯಕ್ಕೆ ಒಂದು ಡಿಸ್ಕೊ ರೆಕಾರ್ಡ್ ತಂದುಕೊಟ್ಟರೆ ಟಿಕೆಟ್ 98 ಸೆಂಟ್ ಮಾತ್ರ ಎಂದು ಘೋಷಣೆಯಾಯಿತು. ಎರಡು ಪಂದ್ಯಗಳ ನಡುವೆ ಪೆಟ್ಟಿಗೆಗಟ್ಟಲೆ ರೆಕಾರ್ಡುಗಳನ್ನು ಮೈದಾನದಲ್ಲಿಟ್ಟು ಸಿಡಿಸಿದರು. ಸಾವಿರಾರು ಜನ ಒಳನುಗ್ಗಿದರು, ಎರಡನೆಯ ಪಂದ್ಯ ನಡೆಯಲೇ ಇಲ್ಲ. ವಿನ್ಸ್ ಲಾರೆನ್ಸ್ ಎಂಬ ಕಪ್ಪು ಹುಡುಗ ಆ ದಿನ ಅಲ್ಲಿ ಪ್ರೇಕ್ಷಕರಿಗೆ ಜಾಗ ತೋರಿಸುವ ಕೆಲಸಕ್ಕಿದ್ದರು. ಜನ ತಂದದ್ದು ಡಿಸ್ಕೊ ಅಷ್ಟೇ ಅಲ್ಲ, ಕಪ್ಪು ಕಲಾವಿದರ ಬೇರೆ ರೆಕಾರ್ಡುಗಳೂ ಅದರಲ್ಲಿದ್ದವು ಎಂದು ಅವರು ಮುಂದೆ ಹೇಳಿದ್ದಾರೆ. ಹೌಸ್ ಸಂಗೀತದ ಮೊದಮೊದಲ ರೆಕಾರ್ಡ್ ಮಾಡಿದವರಲ್ಲಿ ಅವರೂ ಒಬ್ಬರು. ಅಂದರೆ ಯಾವ ಸಂಗೀತವನ್ನು ಸುಟ್ಟರೋ ಅದರ ಬೂದಿಯಿಂದ ಈ ಸಂಗೀತ ಎದ್ದಿತು. ಇಬಿಜಾದ ಬಿಸಿಲಿನ ಕಥೆಯಲ್ಲಿ ಈ ಹೊಗೆ ಎಲ್ಲಿದೆ?

ಯಂತ್ರದ ಕಥೆಯೂ ಹೀಗೇ. ಜಪಾನಿನ ರೋಲ್ಯಾಂಡ್ ಕಂಪನಿಯ ಟಿಬಿ-303 ಎಂಬ ಪುಟ್ಟ ಪೆಟ್ಟಿಗೆ ಗಿಟಾರ್ ಬಾರಿಸುವವರಿಗೆ ಜೊತೆ ನೀಡಲೆಂದು ಬಂತು. ಯಾರೂ ಕೊಳ್ಳಲಿಲ್ಲ, 1984ರಲ್ಲಿ ತಯಾರಿಕೆಯೇ ನಿಂತಿತು. ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಅಗ್ಗಕ್ಕೆ ಬಿದ್ದಿದ್ದನ್ನು ಷಿಕಾಗೋದ ‘ಫ್ಯೂಚರ್’ ತಂಡದ ಹುಡುಗರು ಕೊಂಡು, ಅದರ ಗುಂಡಿಗಳನ್ನು ಬೇಕಾಬಿಟ್ಟಿ ತಿರುವಿ 1987ರಲ್ಲಿ ‘ಆಸಿಡ್’ ಸದ್ದನ್ನು ಹೊರತಂದರು. (ಅದಕ್ಕೂ ಐದು ವರ್ಷ ಮೊದಲೇ ಮುಂಬೈಯ ಸಿನಿಮಾ ವಾದ್ಯಗಾರ ಚರಣಜಿತ್ ಸಿಂಗ್ ಇದೇ ಪೆಟ್ಟಿಗೆಯಲ್ಲಿ ಹತ್ತು ರಾಗ ನುಡಿಸಿ ರೆಕಾರ್ಡ್ ಮಾಡಿದ್ದರು. ಆಗ ಯಾರೂ ಕೇಳಲಿಲ್ಲ. 2010ರಲ್ಲಿ ಅದು ಮರುಬಿಡುಗಡೆಯಾದಾಗ ಯುರೋಪಿನವರು ಮೂಗಿನ ಮೇಲೆ ಬೆರಳಿಟ್ಟರು.) ಅತ್ತ ಕಾರು ಕಾರ್ಖಾನೆಗಳ ಡೆಟ್ರಾಯಿಟ್ ಸುತ್ತಲಿನ ಕಪ್ಪು ಹುಡುಗರಾದ ಹ್ವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸೌಂಡರ್ಸನ್ ಟೆಕ್ನೊ ಕಟ್ಟಿದರು.

ಇಂಗ್ಲೆಂಡಿನೊಳಗೂ ಬೆಳಗಿನವರೆಗೆ ಕುಣಿಯುವುದು 1988ರಲ್ಲಿ ಹುಟ್ಟಿದ್ದಲ್ಲ. ಜಮೈಕಾದಿಂದ ವಲಸೆ ಬಂದವರನ್ನು ಎಷ್ಟೋ ಕ್ಲಬ್ಬುಗಳು ಒಳಗೆ ಬಿಡುತ್ತಿರಲಿಲ್ಲ. ಅವರು ಮನೆಯ ನೆಲಮಾಳಿಗೆಯಲ್ಲೇ ಆಳೆತ್ತರದ ಸ್ಪೀಕರ್ ಪೇರಿಸಿ ರಾತ್ರಿಯಿಡೀ ರೆಗೆ ಹಾಕುತ್ತಿದ್ದರು. ಆ ಮನೆಗಳಿಗೆ ಪೊಲೀಸರು ನುಗ್ಗಿದಾಗ ಯಾವ ಪತ್ರಿಕೆಯೂ ‘ಪ್ರೇಮದ ಬೇಸಿಗೆ’ ಎಂದು ಬರೆಯಲಿಲ್ಲ. ಆ ಹೆಸರು ಸಿಕ್ಕಿದ್ದು ಬಿಳಿಯ ಹುಡುಗರು ಕುಣಿಯತೊಡಗಿದ ಮೇಲೆ.

ಈಗ ನಮ್ಮಂಥ ಹಳ್ಳಿಯವರಿಗೆ ಹತ್ತಿರದ ವಿಷಯಕ್ಕೆ ಬರೋಣ. ರೇವ್ ನಡೆದದ್ದು ಪೇಟೆಯಲ್ಲಿ ಮಾತ್ರವಲ್ಲ, ಹೊಲದಲ್ಲಿ. ಲಂಡನ್ ಸುತ್ತುವ ಎಂ25 ಹೆದ್ದಾರಿ 1986ರಲ್ಲಿ ಪೂರ್ತಿಯಾಗಿತ್ತು. ಜಾಗ ಎಲ್ಲಿ ಎಂಬುದು ಆ ರಾತ್ರಿಯವರೆಗೂ ಗುಟ್ಟು. ಒಂದು ಫೋನ್ ನಂಬರಿಗೆ ಕರೆ ಮಾಡಿದರೆ ರೆಕಾರ್ಡ್ ಮಾಡಿಟ್ಟ ದನಿ ದಾರಿ ಹೇಳುತ್ತಿತ್ತು. ಸಾವಿರಾರು ಕಾರುಗಳು ಒಂದು ಹೊಲಕ್ಕೋ ಹಳೇ ಗೋದಾಮಿಗೋ ಬಂದು ಸೇರುತ್ತಿದ್ದವು. ಆಡಳಿತ ಪಕ್ಷದ ಸಂಸದ ಗ್ರಹಾಂ ಬ್ರೈಟ್ ತಂದ ಮಸೂದೆ 1990ರಲ್ಲಿ ಕಾನೂನಾಯಿತು: ಪರವಾನಗಿ ಇಲ್ಲದ ಪಾರ್ಟಿಗೆ 20,000 ಪೌಂಡ್‌ವರೆಗೆ ದಂಡ, ಆರು ತಿಂಗಳವರೆಗೆ ಜೈಲು.

1992ರ ಮೇ ತಿಂಗಳಲ್ಲಿ ವೂಸ್ಟರ್‌ಶೈರ್‌ನ ಕ್ಯಾಸಲ್‌ಮಾರ್ಟನ್ ಎಂಬ ಹಳ್ಳಿಯ ಗೋಮಾಳಕ್ಕೆ 20,000ಕ್ಕೂ ಹೆಚ್ಚು ಜನ ಬಂದಿಳಿದರು. ಗೋಮಾಳವೇ ಸರಿಯಾದ ಪದ, ಊರಿನವರ ಕುರಿ ದನ ಮೇಯುವ ಸಾಮೂಹಿಕ ಭೂಮಿ ಅದು. ಬಂಡಿಯಲ್ಲೇ ಬದುಕುವ ಅಲೆಮಾರಿಗಳು ಪ್ರತಿ ವರ್ಷ ಬೇರೆ ಕಡೆ ಸೇರುತ್ತಿದ್ದರು. ಪೊಲೀಸರು ಅಲ್ಲಿಂದ ಓಡಿಸಿದ್ದಕ್ಕೆ ಇಲ್ಲಿಗೆ ಬಂದರು. ‘ಸ್ಪೈರಲ್ ಟ್ರೈಬ್’ ಮುಂತಾದ ತಂಡಗಳು ಸ್ಪೀಕರ್ ತಂದವು. ಟಿಕೆಟ್ ಇಲ್ಲ, ಗೇಟ್ ಇಲ್ಲ. ಒಂದು ವಾರ ಸಂಗೀತ ನಿಲ್ಲಲಿಲ್ಲ.

ಹಳಹಳಿಸುವವರಿಗೆ ಇದು ಪುರಾಣ. ಆ ಪುರಾಣದಲ್ಲಿ ಊರಿನವರಿಲ್ಲ. ವಾರವಿಡೀ ನಿದ್ದೆಯಿಲ್ಲದ ಮುದುಕರು, ಗೋಮಾಳದ ತುಂಬ ಕಸ, ಮಲಮೂತ್ರ, ಕುರಿ ಮೇಯಿಸಲಾಗದ ರೈತರು. ಅವರ ಸಿಟ್ಟು ನ್ಯಾಯದ್ದೇ. ನಮ್ಮೂರ ಗೋಮಾಳಕ್ಕೆ ಬೆಂಗಳೂರಿನಿಂದ 20,000 ಜನ ಬಂದು ಕೂತರೆ ನಾವು ಆರತಿ ಎತ್ತುತ್ತೇವೆಯೇ? ಹಳ್ಳಿ ಅಂದರೆ ಯಾರೂ ಇಲ್ಲದ ಖಾಲಿ ಜಾಗ ಎಂದುಕೊಳ್ಳುವ ಪೇಟೆಯವರ ಚಾಳಿ ಎಲ್ಲ ದೇಶದಲ್ಲೂ ಒಂದೇ.

ಆದರೆ ಆ ಸಿಟ್ಟನ್ನು ಸರ್ಕಾರ ಯಾವುದಕ್ಕೆ ಬಳಸಿಕೊಂಡಿತು ನೋಡಿ. ಸ್ಪೈರಲ್ ಟ್ರೈಬ್‌ನ 13 ಜನರ ಮೇಲೆ ಮೊಕದ್ದಮೆ ಹೂಡಿತು. ಅವರು ಖುಲಾಸೆಯಾದರು. ಅಷ್ಟಕ್ಕೇ ನಿಲ್ಲದೆ 1994ರಲ್ಲಿ ಕ್ರಿಮಿನಲ್ ಜಸ್ಟಿಸ್ ಕಾಯ್ದೆ ಬಂತು. ಅದರ 63ನೇ ಕಲಮಿನ ಪ್ರಕಾರ, ಬಯಲಲ್ಲಿ 100 ಜನ ಸೇರಿ ರಾತ್ರಿ ಜೋರು ಸಂಗೀತ ಹಾಕಿ ಸುತ್ತಲಿನವರಿಗೆ ತೀವ್ರ ತೊಂದರೆಯಾಗುವಂತಿದ್ದರೆ ಪೊಲೀಸರು ಎಬ್ಬಿಸಬಹುದು. ‘ಸಂಗೀತ’ ಅಂದರೆ ಏನು ಎಂಬುದಕ್ಕೆ ಕಾಯ್ದೆ ವಿವರಣೆಯನ್ನೂ ಕೊಟ್ಟಿತು: ಒಂದರ ಹಿಂದೊಂದು ಮರುಕಳಿಸುವ ಬಡಿತಗಳೇ ಮುಖ್ಯವಾಗಿರುವ ಸದ್ದೂ ಅದರಲ್ಲಿ ಸೇರುತ್ತದಂತೆ. ತಾಳಕ್ಕೇ ಕಲಮು! ‘ಆಟೆಕರ್’ ಎಂಬ ಜೋಡಿ ಇದನ್ನು ಅಣಕಿಸಲು, ಬಡಿತ ಮರುಕಳಿಸದಂತೆ ಒಂದು ಹಾಡು ರಚಿಸಿ, ನುಡಿಸುವಾಗ ಪಕ್ಕದಲ್ಲಿ ವಕೀಲರನ್ನು ಇಟ್ಟುಕೊಳ್ಳಿ ಎಂದು ರೆಕಾರ್ಡಿನ ಮೇಲೆ ಚೀಟಿ ಅಂಟಿಸಿತು.

ನಗು ಬರುತ್ತದೆ. ಆದರೆ ಅದೇ ಕಾಯ್ದೆಯ ಉಳಿದ ಪುಟಗಳಲ್ಲಿ ನಗುವಂಥದ್ದಿಲ್ಲ. ಜಿಪ್ಸಿ ಅಲೆಮಾರಿಗಳಿಗೆ ಬಿಡಾರ ಹೂಡಲು ಜಾಗ ಕೊಡಬೇಕೆಂದು ಸ್ಥಳೀಯ ಸಂಸ್ಥೆಗಳ ಮೇಲಿದ್ದ ಹೊಣೆಯನ್ನು ಅದು ತೆಗೆದುಹಾಕಿತು. 60ನೇ ಕಲಮು, ಗೊತ್ತುಪಡಿಸಿದ ಪ್ರದೇಶದಲ್ಲಿ ಯಾವ ಅನುಮಾನವೂ ಇಲ್ಲದೆ ಯಾರನ್ನಾದರೂ ನಿಲ್ಲಿಸಿ ತಪಾಸಣೆ ಮಾಡುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿತು. ಅದರ ಪೆಟ್ಟು ಬಿದ್ದದ್ದು, ಈಗಲೂ ಬೀಳುತ್ತಿರುವುದು, ಹೆಚ್ಚಾಗಿ ಕಪ್ಪು ಹುಡುಗರ ಮೇಲೆ. ಕುಣಿತದ ಹೆಸರಲ್ಲಿ ಬಂದ ಕಾನೂನು ಕುಣಿಯದವರ ಮನೆಯನ್ನೂ ಹೊಕ್ಕಿತು.

ಬಯಲಿನಿಂದ ಓಡಿಸಿದ ಮೇಲೆ ಕುಣಿಯುವವರು ಹೋದದ್ದೆಲ್ಲಿಗೆ? ಬಾಗಿಲಲ್ಲಿ ದುಡ್ಡು ಕೊಟ್ಟು ಒಳಗೆ ಹೋಗುವ ದೊಡ್ಡ ಕ್ಲಬ್ಬುಗಳಿಗೆ. ಲಂಡನ್ನಿನ ‘ಮಿನಿಸ್ಟ್ರಿ ಆಫ್ ಸೌಂಡ್’ ಕಟ್ಟಿದವರಲ್ಲಿ ಒಬ್ಬರು ಲಾರ್ಡ್ ಮನೆತನದ ಮಗ. ಅದರ ಸಿಡಿಗಳು ಲಕ್ಷಗಟ್ಟಲೆ ಮಾರಾಟವಾದವು. ಇನ್ನು ಮ್ಯಾಂಚೆಸ್ಟರಿನ ‘ಹಸಿಯೆಂಡಾ’. ಅಲ್ಲಿ ಮಾತ್ರೆ ನುಂಗಿ ನೀರು ಕುಡಿದು ಕುಣಿಯುತ್ತಿದ್ದರಿಂದ ಬಾರಿನಲ್ಲಿ ವ್ಯಾಪಾರವೇ ಆಗುತ್ತಿರಲಿಲ್ಲ, ದುಡ್ಡು ಮಾಡಿದ್ದು ಮಾತ್ರೆ ಮಾರುವ ಗೂಂಡಾಗಳು. 1989ರಲ್ಲಿ ಅಲ್ಲಿ ಮಾತ್ರೆ ತೆಗೆದುಕೊಂಡ 16 ವರ್ಷದ ಹುಡುಗಿಯೊಬ್ಬಳು ತೀರಿಕೊಂಡಳು. ಹಳಹಳಿಕೆಯ ಹಾಡಿನಲ್ಲಿ ಅವಳ ಸುದ್ದಿಯೂ ಬರುವುದಿಲ್ಲ. ಕ್ಲಬ್ 1997ರಲ್ಲಿ ಮುಚ್ಚಿತು, 2002ರಲ್ಲಿ ಕಟ್ಟಡ ಕೆಡವಿದರು. ಆ ಜಾಗದಲ್ಲಿ ಫ್ಲಾಟುಗಳು ಎದ್ದಿವೆ, ಅವುಗಳ ಹೆಸರು ‘ಹಸಿಯೆಂಡಾ ಅಪಾರ್ಟ್‌ಮೆಂಟ್ಸ್’. ಹೆಸರಿಗಾದರೂ ಬೆಲೆ ಬಂತಲ್ಲ.

ಯೌವನ ಕಳೆದವರು ಯೌವನ ನೆನೆಯುವುದರಲ್ಲಿ ತಪ್ಪೇನು ಎಂದು ನೀವು ಕೇಳಬಹುದು. ನೆನೆಯಲಿ. ನಮ್ಮ ಅಜ್ಜಂದಿರೂ ಬೆಳಗಿನವರೆಗೆ ನಡೆಯುತ್ತಿದ್ದ ಬಯಲಾಟ ನೆನೆಯುತ್ತಾರೆ. ಆದರೆ ಬಯಲು ಯಾರ ಪಾಲಾಯಿತು, ರಾತ್ರಿ ಹತ್ತರ ಮೇಲೆ ಮೈಕಿಗೆ ಯಾರಿಗೆ ಅನುಮತಿ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ ಎಂದೂ ಅವರು ಹೇಳುತ್ತಾರೆ. ಇಂಗ್ಲೆಂಡಿನ ಹಳಹಳಿಕೆ ಆ ಅರ್ಧವನ್ನು ನುಂಗಿಬಿಟ್ಟಿದೆ. ಕಾನೂನು, ಪರವಾನಗಿ, ಭೂಮಿ ಬೆಲೆ ಸೇರಿ ಮಾಡಿದ್ದನ್ನೆಲ್ಲ ‘ವಯಸ್ಸಾಯಿತು’ ಎಂಬ ಒಂದು ಮಾತಿನಲ್ಲಿ ಮುಗಿಸುತ್ತದೆ. ಕಿತ್ತುಕೊಂಡವರಿಗೆ ಇದಕ್ಕಿಂತ ಅನುಕೂಲದ ಮಾತು ಇನ್ನೊಂದಿಲ್ಲ. ಕಳವಾದ ಮನೆಯವನೇ ‘ಪಾತ್ರೆ ಹಳೆಯದಾಗಿತ್ತು ಬಿಡಿ’ ಅಂದರೆ ಕಳ್ಳನನ್ನು ಹಿಡಿಯುವವರು ಯಾರು?

ಈಗಿನ ಹುಡುಗರು ಕುಣಿಯುವುದಿಲ್ಲ ಎಂಬ ದೂರೂ ಇಲ್ಲಿಂದಲೇ ಬರುತ್ತದೆ. ಅವರಿಗೆ ಕುಣಿಯಲು ಬಿಟ್ಟಿದ್ದೆಷ್ಟು? 2005ರಿಂದ ಲಂಡನ್ ಪೊಲೀಸರು ಕ್ಲಬ್ಬುಗಳಿಂದ ‘ಫಾರ್ಮ್ 696’ ತುಂಬಿಸಿಕೊಳ್ಳುತ್ತಿದ್ದರು. ಯಾವ ಬಗೆಯ ಸಂಗೀತ ಎಂದು ಅದು ಕೇಳುತ್ತಿತ್ತು, ಮೊದಮೊದಲು ಬರುವವರು ಯಾವ ಜನಾಂಗದವರು ಎಂದೂ ಕೇಳುತ್ತಿತ್ತು. ಕಪ್ಪು ಹುಡುಗರ ಗ್ರೈಮ್ ಸಂಗೀತದ ಎಷ್ಟೋ ಕಾರ್ಯಕ್ರಮ ಆ ಫಾರ್ಮಿನಿಂದಲೇ ರದ್ದಾದವು. 2017ರಲ್ಲಿ ಅದನ್ನು ಕೈಬಿಟ್ಟರು. 63ನೇ ಕಲಮು ಮಾತ್ರ ಇನ್ನೂ ಇದೆ. 2003ರಲ್ಲಿ ಅದಕ್ಕೆ ತಿದ್ದುಪಡಿ ಮಾಡಿ 100 ಜನ ಎಂದಿದ್ದನ್ನು 20ಕ್ಕೆ ಇಳಿಸಿದರು. ಪಿಟೀಲು ಆರ್ಕೆಸ್ಟ್ರಾದ ಟಿಕೆಟ್ ಕೊಂಡು ಕಣ್ಣು ಒರೆಸಿಕೊಳ್ಳುವವರಲ್ಲಿ ಎಷ್ಟು ಜನ ಅದನ್ನು ತೆಗೆಸಿ ಎಂದು ತಮ್ಮ ಸಂಸದರಿಗೆ ಒಂದು ಪತ್ರ ಬರೆದಿದ್ದಾರೆ?