ಕಾರ್ಖಾನೆ ಕೈ ಬದಲಾಯಿಸುವಾಗ ಕಾರ್ಮಿಕ ಯಾರ ಪಟ್ಟಿಯಲ್ಲಿ?

2020ರ ಡಿಸೆಂಬರ್ ಕೊನೆಯ ವಾರ. ಆ ಒಂದೇ ವಾರದಲ್ಲಿ ನಡೆದ ಮೂರು ಸಂಗತಿ ಕೇಳಿ.

ಡಿಸೆಂಬರ್ 24. ಪುಣೆ ಹತ್ತಿರದ ತಳೇಗಾಂವ್‌ನಲ್ಲಿ ಜನರಲ್ ಮೋಟಾರ್ಸ್ ಕಾರ್ಖಾನೆ ಕಾರು ತಯಾರಿಕೆ ನಿಲ್ಲಿಸಿತು.

ಡಿಸೆಂಬರ್ 30. ಕೇಂದ್ರ ಸಂಪುಟ ನಮ್ಮ ತುಮಕೂರಿನ ಕೈಗಾರಿಕಾ ನೋಡ್‌ಗೆ ಒಪ್ಪಿಗೆ ಕೊಟ್ಟಿತು. ಖರ್ಚು 1,701.81 ಕೋಟಿ ರೂಪಾಯಿ. ಸಿಗುವ ಕೆಲಸ 88,500 ಎಂದು ಅಂದಾಜು.

ಡಿಸೆಂಬರ್ 31. ಫೋರ್ಡ್ ಮತ್ತು ಮಹೀಂದ್ರಾ ಕಂಪನಿಗಳು ತಮ್ಮ ದೊಡ್ಡ ಒಪ್ಪಂದವನ್ನು ರದ್ದು ಮಾಡಿಕೊಂಡವು.

ನಡುವಿನ ಸುದ್ದಿ ನಮ್ಮ ಊರಲ್ಲಿ ಎಲ್ಲರ ಫೋನಿಗೂ ಬಂತು. ಮೊದಲನೆಯದೂ ಕೊನೆಯದೂ ಬರಲಿಲ್ಲ. ಯಾಕೆ ಬರಬೇಕು, ಅದು ಪುಣೆ, ಚೆನ್ನೈ ಸುದ್ದಿ ಅಲ್ವಾ ಅಂತ ಕೇಳಬಹುದು. ನಮ್ಮ ಮಾತು ಇಷ್ಟೇ: ಊರ್ಡಿಗೆರೆ, ಗುಬ್ಬಿ, ಕುಣಿಗಲ್‌ನವರು ಆ ಎರಡು ಸುದ್ದಿಯನ್ನೇ ಮೊದಲು ಓದಬೇಕಿತ್ತು. ಕೈಗಾರಿಕೆಗೆ ಜಮೀನು ಬಿಟ್ಟುಕೊಡುತ್ತಿರುವವರು ನಾವು. ಆ ಗೇಟಿನೊಳಗೆ ಕೆಲಸಕ್ಕೆ ಹೋಗುವವರೂ ನಮ್ಮ ಮಕ್ಕಳೇ.

ತಳೇಗಾಂವ್‌ನಲ್ಲಿ ಆಗಿದ್ದೇನು?

ತಳೇಗಾಂವ್ ತೀರಾ ದೂರದ ಊರಲ್ಲ. ಕ್ಯಾತ್ಸಂದ್ರದ ಮುಂದೆ ಹಾದುಹೋಗುವ 48ನೇ ರಾಷ್ಟ್ರೀಯ ಹೆದ್ದಾರಿಯನ್ನೇ ಹಿಡಿದು ಹೋದರೆ ಪುಣೆ ದಾಟಿದ ಮೇಲೆ ಸಿಗುತ್ತದೆ. ಅಲ್ಲಿ ಅಮೆರಿಕದ ಜನರಲ್ ಮೋಟಾರ್ಸ್, ಅಂದರೆ ಜಿಎಂ, 2008ರಲ್ಲಿ ಕಾರ್ಖಾನೆ ಶುರು ಮಾಡಿತು. ಷೆವರ್ಲೆ ಕಾರು ನೆನಪಿದೆಯಲ್ಲ, ಅದೇ ಕಂಪನಿ. 2017ರಲ್ಲಿ ಭಾರತದಲ್ಲಿ ಕಾರು ಮಾರುವುದನ್ನು ಬಿಟ್ಟಿತು. ತಳೇಗಾಂವ್‌ನಲ್ಲಿ ಮಾತ್ರ ಹೊರದೇಶಕ್ಕೆ ಕಳಿಸುವ ಕಾರು ತಯಾರಾಗುತ್ತಿತ್ತು.

2020ರ ಜನವರಿಯಲ್ಲಿ ಈ ಕಾರ್ಖಾನೆಯನ್ನು ಚೀನಾದ ಗ್ರೇಟ್ ವಾಲ್ ಮೋಟರ್ ಕಂಪನಿಗೆ ಮಾರಲು ಒಪ್ಪಂದವಾಯಿತು. ಫೆಬ್ರವರಿಯಲ್ಲಿ ದೆಹಲಿ ಹತ್ತಿರ ನಡೆದ ಆಟೋ ಎಕ್ಸ್‌ಪೋದಲ್ಲಿ ಗ್ರೇಟ್ ವಾಲ್ ತನ್ನ ಕಾರುಗಳನ್ನು ಸಾಲಾಗಿ ನಿಲ್ಲಿಸಿತು. ನೂರು ಕೋಟಿ ಡಾಲರ್ ಹೂಡುತ್ತೇವೆ ಎಂದಿತು.

ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ನಿಯಮ ಬದಲಿಸಿತು. ಭಾರತದ ಜೊತೆ ಭೂಗಡಿ ಇರುವ ದೇಶದಿಂದ ಯಾವ ಹೂಡಿಕೆ ಬಂದರೂ ಸರ್ಕಾರದ ಅನುಮತಿ ಬೇಕು ಎಂದಾಯಿತು. ಜೂನ್ ಮಧ್ಯದಲ್ಲಿ ಗ್ರೇಟ್ ವಾಲ್ ಮಹಾರಾಷ್ಟ್ರ ಸರ್ಕಾರದ ಜೊತೆ ಎಂಒಯುಗೆ ಸಹಿ ಹಾಕಿತು. ಅದೇ ಹೊತ್ತಿಗೆ ಗಲ್ವಾನ್ ಕಣಿವೆಯಲ್ಲಿ ನಮ್ಮ 20 ಸೈನಿಕರು ಪ್ರಾಣ ಕೊಟ್ಟರು. ಎಂಒಯು ತಡೆಹಿಡಿಯಲ್ಪಟ್ಟಿತು. ಕೇಂದ್ರದ ಅನುಮತಿ ಬರಲೇ ಇಲ್ಲ. ಒಪ್ಪಂದದ ಗಡುವನ್ನು ಮುಂದೂಡಿದರು, ಮತ್ತೆ ಮುಂದೂಡಿದರು. ಕೊನೆಗೆ 2022ರ ಜೂನ್ 30ಕ್ಕೆ ಅದು ಸತ್ತುಹೋಯಿತು.

ಈಗ ತಾರೀಖು ನೋಡಿ. ವ್ಯಾಪಾರ ಮುರಿದಿದ್ದು 2022ರ ಜೂನ್‌ನಲ್ಲಿ. ಕಾರು ತಯಾರಿಕೆ ನಿಂತಿದ್ದು ಅದಕ್ಕೂ ಒಂದೂವರೆ ವರ್ಷ ಮೊದಲು. 2021ರ ಏಪ್ರಿಲ್‌ನಲ್ಲಿ 1,419 ಕಾರ್ಮಿಕರನ್ನು ಲೇಆಫ್ ಮಾಡಲಾಯಿತು. ಕೊಳ್ಳುವವರು ದುಡ್ಡು ಕೊಟ್ಟಿರಲಿಲ್ಲ, ಸರ್ಕಾರ ಅನುಮತಿ ಕೊಟ್ಟಿರಲಿಲ್ಲ, ಆದರೆ ಕೆಲಸಗಾರರು ಮಾತ್ರ ಆಗಲೇ ಹೊರಗಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅಂತೀವಿ. ಇಲ್ಲಿ ಹುಟ್ಟದ ಕೂಸಿಗೆ ಜಾಗ ಮಾಡಲು ಮನೆಯಲ್ಲಿದ್ದ ಮಕ್ಕಳನ್ನೇ ಆಚೆ ಕಳಿಸಿದರು.

ಕಾನೂನು ಹೇಳಿದ್ದಕ್ಕಿಂತ ಹೆಚ್ಚಿನ ಪರಿಹಾರದ ಪ್ಯಾಕೇಜ್ ಕೊಡುತ್ತೇವೆ ಎಂದು ಜಿಎಂ ಹೇಳಿತ್ತು. ಇರಲಿ, ಆ ಮಾತನ್ನೂ ಹೇಳಬೇಕು. ಆದರೆ ಕಾರ್ಮಿಕರು ಕೇಳಿದ್ದು ಕೆಲಸ. ಬಾಡಿಗೆ ಮನೆ, ಮಗಳ ಫೀಸು, ಸೊಸೈಟಿ ಸಾಲ ಇರುವ 40 ವರ್ಷದವನಿಗೆ ಒಂದು ಸಲ ಕೊಡುವ ದುಡ್ಡು ಎಷ್ಟು ದಿನ ಬರುತ್ತದೆ ಎಂದು ನಿಮಗೆ ನಾವು ಹೇಳಬೇಕಿಲ್ಲ.

2023ರ ಆಗಸ್ಟ್‌ನಲ್ಲಿ ದಕ್ಷಿಣ ಕೊರಿಯಾದ ಹುಂಡೈ ಆ ಕಾರ್ಖಾನೆಯನ್ನು ಕೊಳ್ಳಲು ಸಹಿ ಹಾಕಿತು. ಒಪ್ಪಂದದಲ್ಲಿ ಜಮೀನಿತ್ತು, ಕಟ್ಟಡವಿತ್ತು, ಆಯ್ದ ಯಂತ್ರಗಳಿದ್ದವು. ಹಳೆಯ ಕಾರ್ಮಿಕರು ಇರಲಿಲ್ಲ. ನಮ್ಮನ್ನೂ ತೆಗೆದುಕೊಳ್ಳಿ ಎಂದು ಅವರ ಸಂಘ ಬೀದಿಯಲ್ಲೂ ಕೋರ್ಟಿನಲ್ಲೂ ಹೋರಾಡಬೇಕಾಯಿತು.

ಚೀನಾ ಮಾಲು ಬೇಡ ಅಂದ್ರೆ ತಪ್ಪೇ?

ತಪ್ಪಲ್ಲ. ಗಡಿಯಲ್ಲಿ ಸೈನಿಕರು ಸಾಯುವಾಗ ಚೀನಾದ ಕಂಪನಿಯನ್ನು ಎರಡು ಸಲ ತಡೆದು ನೋಡುವ ಅಧಿಕಾರ ಸರ್ಕಾರಕ್ಕೆ ಇರಲೇಬೇಕು. ನಮ್ಮ ತಕರಾರು ಅದರ ಮೇಲಲ್ಲ.

ತಕರಾರು ಇದು: ಅದು ದೇಶ ಮಾಡಿದ ತೀರ್ಮಾನ. ಹಾಗಾದರೆ ಅದರ ಬೆಲೆಯನ್ನೂ ದೇಶ ಕೊಡಬೇಕು. 1,419 ಮನೆಗಳು ಮಾತ್ರ ಕೊಡುವುದು ಯಾವ ನ್ಯಾಯ? ಜಿಎಂಗೆ ಬೇರೆ ದೇಶದಲ್ಲಿ ಕಾರ್ಖಾನೆಗಳಿದ್ದವು. ಗ್ರೇಟ್ ವಾಲ್ ತನ್ನ ದುಡ್ಡನ್ನು ಇನ್ನೊಂದು ದೇಶಕ್ಕೆ ಕೊಂಡೊಯ್ಯಬಹುದಿತ್ತು. ಸರ್ಕಾರಕ್ಕೆ ಕಾಯಲು ಪುರಸೊತ್ತಿತ್ತು. ಬೇರೆ ದಾರಿ ಇಲ್ಲದವನು ಕೆಲಸಗಾರ ಒಬ್ಬನೇ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಎನ್ನುವುದು ಇದಕ್ಕೇ.

ನಮ್ಮ ಬೆಂಗಳೂರಿನ ರೇವಾ

ಇಂಥದ್ದು ಕರ್ನಾಟಕಕ್ಕೂ ಹೊಸದಲ್ಲ. ಇವತ್ತು ಎಲ್ಲರೂ ಬ್ಯಾಟರಿ ಕಾರಿನ ಮಾತಾಡುತ್ತಾರೆ. 2001ರಲ್ಲೇ ಬೆಂಗಳೂರಿನಲ್ಲಿ ರೇವಾ ಎಂಬ ಪುಟ್ಟ ಬ್ಯಾಟರಿ ಕಾರು ರಸ್ತೆಗೆ ಬಂದಿತ್ತು. ಲಂಡನ್ನಿನ ಬೀದಿಗಳಲ್ಲೂ ಜಿ-ವಿಜ್ ಎಂಬ ಹೆಸರಲ್ಲಿ ಓಡಿತು.

2009ರ ಸೆಪ್ಟೆಂಬರ್‌ನಲ್ಲಿ ಇದೇ ಜಿಎಂ, ರೇವಾ ಜೊತೆ ಕೈ ಜೋಡಿಸಿತು. ಷೆವರ್ಲೆ ಸ್ಪಾರ್ಕ್ ಕಾರನ್ನು ಬ್ಯಾಟರಿ ಕಾರು ಮಾಡುತ್ತೇವೆ ಎಂದು ಇಬ್ಬರೂ ಸಾರಿದರು. ಎಂಟು ತಿಂಗಳು ಕಳೆಯುವಷ್ಟರಲ್ಲಿ, 2010ರ ಮೇನಲ್ಲಿ, ಮಹೀಂದ್ರಾ ಕಂಪನಿ ರೇವಾದ 55.2 ಶೇಕಡಾ ಪಾಲು ಕೊಂಡಿತು. ಎದುರಾಳಿ ಕಂಪನಿ ಮಾಲೀಕನಾದ ಮೇಲೆ ಜಿಎಂ ಎದ್ದು ನಡೆಯಿತು. ಆ ಕಾರು ಮಾರಾಟಕ್ಕೆ ಬರಲೇ ಇಲ್ಲ. ಮುಂದೆ ರೇವಾ ಎಂಬ ಹೆಸರೂ ಮಾಸಿಹೋಯಿತು.

ಯಾರೋ ಮೋಸ ಮಾಡಿದರು ಎಂದು ಈ ಕಥೆ ಹೇಳುತ್ತಿಲ್ಲ. ವ್ಯಾಪಾರ ನಡೆಯುವುದೇ ಹಾಗೆ. ಮಾಲೀಕ ಬದಲಾದರೆ ಹಿಂದಿನ ಮಾತು ಮುಗಿಯಿತು. ವೇದಿಕೆ ಮೇಲೆ ಕೈ ಕುಲುಕಿದ ಫೋಟೋ ನಂಬಿ ಮಗನನ್ನು ಯಾವ ಟ್ರೇಡಿಗೆ ಸೇರಿಸಬೇಕು, ಯಾವ ಜಮೀನು ಬಿಡಬೇಕು ಎಂದು ತೀರ್ಮಾನಿಸಬಾರದು ಎನ್ನುವುದಕ್ಕೆ ಹೇಳಿದ್ದು.

ಹಾಗಾದರೆ ದಾರಿ ಇಲ್ಲವೇ? ಇದೆ

ಫೋರ್ಡ್ ಕಥೆ ಕೇಳಿ. 2019ರ ಅಕ್ಟೋಬರ್‌ನಲ್ಲಿ ಫೋರ್ಡ್‌ನ ಭಾರತದ ವ್ಯವಹಾರವನ್ನು 51 ಶೇಕಡಾ ಪಾಲಿನೊಂದಿಗೆ ಮಹೀಂದ್ರಾ ನಡೆಸುವುದು ಎಂದು ಒಪ್ಪಂದವಾಗಿತ್ತು. ಆರಂಭದಲ್ಲಿ ಹೇಳಿದ ಆ ಡಿಸೆಂಬರ್ 31ರಂದು ಅದು ರದ್ದಾಯಿತು. 2021ರ ಸೆಪ್ಟೆಂಬರ್ 9ರಂದು ಫೋರ್ಡ್ ಇಲ್ಲಿ ಕಾರು ತಯಾರಿಸುವುದನ್ನೇ ಬಿಡುವುದಾಗಿ ಹೇಳಿತು. ಚೆನ್ನೈ, ಗುಜರಾತಿನ ಸಾನಂದ್ ಎರಡೂ ಕಡೆ ಸೇರಿ ಸುಮಾರು 4,000 ಜನರ ಕೆಲಸಕ್ಕೆ ಕುತ್ತು.

2022ರ ಆಗಸ್ಟ್‌ನಲ್ಲಿ ಸಾನಂದ್ ಕಾರ್ಖಾನೆಯನ್ನು ಟಾಟಾ 725.7 ಕೋಟಿಗೆ ಕೊಳ್ಳಲು ಸಹಿ ಹಾಕಿತು. ಈ ಒಪ್ಪಂದದಲ್ಲಿ ಜಮೀನು, ಕಟ್ಟಡ, ಯಂತ್ರದ ಜೊತೆಗೆ ಇನ್ನೊಂದು ಸಾಲಿತ್ತು. ಕಾರು ತಯಾರಿಕೆಯಲ್ಲಿರುವ ಅರ್ಹ ನೌಕರರೆಲ್ಲರೂ ಹೊಸ ಮಾಲೀಕರ ಕಡೆ ಬರುತ್ತಾರೆ ಎಂಬುದು. ಅದಕ್ಕೂ ಮೊದಲು, ಮೇ ತಿಂಗಳಲ್ಲಿ, ಗುಜರಾತ್ ಸರ್ಕಾರವೇ ಟಾಟಾ ಮತ್ತು ಫೋರ್ಡ್ ಜೊತೆ ಕೂತು ಸಹಿ ಹಾಕಿತ್ತು.

ಸಾನಂದ್‌ಗೂ ತಳೇಗಾಂವ್‌ಗೂ ವ್ಯತ್ಯಾಸ ಇರುವುದು ಆ ಒಂದು ಸಾಲಿನಲ್ಲಿ. ಒಂದು ಕಡೆ ಕಾರ್ಮಿಕ ಕಾಗದದ ಮೇಲಿದ್ದ. ಇನ್ನೊಂದು ಕಡೆ ಇರಲಿಲ್ಲ. ಅದೃಷ್ಟ, ಮಾಲೀಕನ ಒಳ್ಳೆತನ ಎಂದು ಕಾಯಬೇಕಿಲ್ಲ. ಬರೆಸಿಕೊಳ್ಳಬಹುದು.

"ಇಷ್ಟೆಲ್ಲ ಷರತ್ತು ಹಾಕಿದರೆ ಕಂಪನಿ ಪಕ್ಕದ ಆಂಧ್ರಕ್ಕೆ ಹೋಗುತ್ತೆ" ಎಂದು ಹೆದರಿಸುವವರಿದ್ದಾರೆ. ಸಾನಂದ್‌ನಲ್ಲಿ ಟಾಟಾ ಓಡಿಹೋಗಲಿಲ್ಲ. ಕಂಪನಿಗೆ ಸಾಲ ಕೊಡುವ ಬ್ಯಾಂಕು ನೂರು ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತದೆ, ಅದಕ್ಕೆ ಯಾರೂ ಬೇಸರ ಮಾಡಿಕೊಳ್ಳಲ್ಲ. ಜಮೀನು ಕೊಟ್ಟವನು ಒಂದು ಸಾಲು ಬರೆಸಿದರೆ ಮಾತ್ರ ಅಭಿವೃದ್ಧಿಗೆ ಅಡ್ಡಿಯೇ?

ನಾವು ಕೇಳಬೇಕಾದ್ದು ನಾಲ್ಕು

ಒಂದು, ಎಂಒಯು ಕನ್ನಡದಲ್ಲಿ ಪಂಚಾಯಿತಿ ಬೋರ್ಡಿಗೆ ಬರಲಿ. ಎಷ್ಟು ಎಕರೆ, ಎಷ್ಟು ರಿಯಾಯಿತಿ, ಎಷ್ಟು ಕೆಲಸ, ಅದರಲ್ಲಿ ಕಾಯಂ ಎಷ್ಟು, ಕಂಟ್ರಾಕ್ಟ್ ಎಷ್ಟು ಎಂದು ಬಿಡಿಸಿ ಬರೆಯಲಿ. "88,500 ಕೆಲಸ" ಎಂದು ಒಂದೇ ಉಸಿರಿಗೆ ಹೇಳಿದರೆ ಸಾಲದು.

ಎರಡು, ಕಾರ್ಖಾನೆ ಕೈ ಬದಲಾದರೆ ಕಾರ್ಮಿಕರೂ ಜೊತೆಗೆ ಹೋಗಬೇಕು. ಕೆಐಎಡಿಬಿ ಜಮೀನನ್ನು ಸಾಮಾನ್ಯವಾಗಿ ಮೊದಲು ಲೀಸಿಗೆ ಕೊಟ್ಟು, ಷರತ್ತು ಪೂರೈಸಿದ ಮೇಲೆ ಮಾರುತ್ತದೆ. ಲೀಸಿನ ಕಾಗದದಲ್ಲೇ ಈ ಷರತ್ತೂ ಸೇರಲಿ. ಇದು ಕಾಯಂ ನೌಕರರಿಗೆ ಮಾತ್ರ ಅಲ್ಲ, ವರ್ಷಗಟ್ಟಲೆ ಕಂಟ್ರಾಕ್ಟ್‌ನಲ್ಲಿ ದುಡಿದವರಿಗೂ ಇರಲಿ.

ಮೂರು, ಸಂಚಕಾರ. ಸಿದ್ಧಗಂಗೆ ದನದ ಜಾತ್ರೆಯಲ್ಲಿ ಜೋಡಿ ಎತ್ತಿಗೆ ಸಂಚಕಾರ ಕೊಟ್ಟು ಆಮೇಲೆ ಬೇಡ ಎಂದರೆ ಆ ದುಡ್ಡು ಹೋಯಿತು ಎಂದೇ ಲೆಕ್ಕ. ಕೋಟಿಗಟ್ಟಲೆ ವ್ಯಾಪಾರಕ್ಕೆ ಆ ನ್ಯಾಯ ಯಾಕಿಲ್ಲ? ಮಾರುವವರೂ ಕೊಳ್ಳುವವರೂ ಕಾರ್ಮಿಕರ ಒಂದು ವರ್ಷದ ಸಂಬಳವನ್ನು ಮೊದಲೇ ಸರ್ಕಾರದ ಬಳಿ ಠೇವಣಿ ಇಡಲಿ. ವ್ಯಾಪಾರ ಕುದುರಿದರೆ ವಾಪಸ್ ತೆಗೆದುಕೊಳ್ಳಲಿ. ಮುರಿದರೆ ಅದು ಕಾರ್ಮಿಕರಿಗೆ ಹೋಗಲಿ.

ನಾಲ್ಕು, ಬಳಸದ ಜಮೀನು ವಾಪಸ್ ಬರಲಿ. 2013ರ ಕೇಂದ್ರ ಭೂಸ್ವಾಧೀನ ಕಾಯ್ದೆಯ 101ನೇ ಕಲಂ ಪ್ರಕಾರ, 5 ವರ್ಷ ಬಳಸದೆ ಬಿಟ್ಟ ಜಮೀನು ಮೂಲ ಮಾಲೀಕರಿಗೆ ಅಥವಾ ಸರ್ಕಾರದ ಭೂ ಬ್ಯಾಂಕಿಗೆ ಮರಳಬೇಕು. ಆದರೆ ಕೆಐಎಡಿಬಿ ಜಮೀನು ತೆಗೆದುಕೊಳ್ಳುವುದು 1966ರ ರಾಜ್ಯ ಕಾಯ್ದೆಯ ಅಡಿ. ಆ ಕಾಯ್ದೆಗೂ ಇದೇ ನಿಯಮ ಬರಬೇಕು ಎಂದು ನಮ್ಮ ಶಾಸಕರನ್ನು ಕೇಳಬೇಕು.

ಇದು ತುರ್ತು. ಹಳೆಯ ಕಾನೂನಿನಲ್ಲಿ 100 ಕಾರ್ಮಿಕರಿರುವ ಕಾರ್ಖಾನೆ ಮುಚ್ಚಲೂ ಸರ್ಕಾರದ ಅನುಮತಿ ಬೇಕಿತ್ತು. 2020ರಲ್ಲಿ ಸಂಸತ್ತು ಒಪ್ಪಿದ ಕೈಗಾರಿಕಾ ಸಂಬಂಧಗಳ ಸಂಹಿತೆ ಅದನ್ನು 300ಕ್ಕೆ ಏರಿಸಿದೆ. ಅಂದರೆ 250 ಜನರಿರುವ ಕಾರ್ಖಾನೆ ಬಾಗಿಲು ಹಾಕಲು ಸರ್ಕಾರದ ಅನುಮತಿ ಬೇಕಿಲ್ಲ. ಕಾನೂನು ಹಿಂದೆ ಸರಿದಷ್ಟೂ ಕರಾರು ಪತ್ರ ಗಟ್ಟಿಯಾಗಬೇಕು.

ನಮ್ಮೂರಲ್ಲಿ ಜಮೀನು ಉಳಿದಿದ್ದು ಹೇಗೆ?

ತುಮಕೂರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆ ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿತು. ಎಷ್ಟೋ ಮನೆಗಳಿಗೆ ಅದು ದುಃಖದ ದಿನ. ಆದರೆ ಆ ಜಮೀನು ಸರ್ಕಾರದ್ದಾಗಿತ್ತು, ಹಾಗಾಗಿ ಇಸ್ರೋಗೆ ಹೋಯಿತು. ಸಾರ್ವಜನಿಕ ಆಸ್ತಿ ಸಾರ್ವಜನಿಕವಾಗಿಯೇ ಉಳಿಯಿತು. ಖಾಸಗಿ ಕಂಪನಿಗೆ ಪೂರ್ತಿ ಮಾರಿದ ಜಮೀನಿಗೆ ಆ ಭಾಗ್ಯವಿಲ್ಲ. ಅದು ಪುಣೆಯಿಂದ ಚೀನಾಕ್ಕೆ, ಚೀನಾದಿಂದ ಕೊರಿಯಾಕ್ಕೆ ಕಾಗದದ ಮೇಲೆ ಓಡಾಡುತ್ತಲೇ ಇರುತ್ತದೆ. ಮೂಲ ರೈತನನ್ನು ಯಾರೂ ಕೇಳುವುದಿಲ್ಲ.

ರೈತ ಕೇಳಿದರೆ ಏನಾಗುತ್ತದೆ ಎಂಬುದನ್ನೂ ನೋಡಿದ್ದೇವೆ. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯ ಜನ ಸಾವಿರಕ್ಕೂ ಹೆಚ್ಚು ದಿನ ಧರಣಿ ಕೂತರು. 2025ರ ಜುಲೈ 15ರಂದು ಸರ್ಕಾರ 1,777 ಎಕರೆ ಸ್ವಾಧೀನವನ್ನು ಕೈಬಿಟ್ಟಿತು. ನಾವು ಜಮೀನು ಕೊಡಲೇಬೇಡಿ ಎನ್ನುತ್ತಿಲ್ಲ. ಕೊಡುವುದಾದರೆ ನಮ್ಮ ಕರಾರಿನ ಮೇಲೆ ಕೊಡೋಣ.

ಮೊದಲ ಹೆಜ್ಜೆ ಫೋನ್ ಹಿಡಿದಿರುವ ನಿಮ್ಮಿಂದಲೇ ಆಗಬಹುದು. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ ಶುಲ್ಕ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ಅರ್ಜಿ 150 ಪದದೊಳಗಿರಲಿ, ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಲಿ. 30 ದಿನದಲ್ಲಿ ಉತ್ತರ ಕೊಡಬೇಕು. ಕೆಐಎಡಿಬಿಗೆ ಹೀಗೆ ಕೇಳಿ: "ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಹಂಚಿಕೆಯಾಗಿ 5 ವರ್ಷ ಕಳೆದರೂ ಕಾರ್ಖಾನೆ ಶುರುವಾಗದ ನಿವೇಶನಗಳ ಪಟ್ಟಿ ಕೊಡಿ." ಕುಣಿಗಲ್‌ನವರು ಅಂಚೇಪಾಳ್ಯದ ಬಗ್ಗೆ ಕೇಳಿ. ಉತ್ತರ ಬಂದಾಗ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ, ನಡಾವಳಿ ಪುಸ್ತಕದಲ್ಲಿ ಬರೆಸಿ.

ಮುಂದಿನ ಸಲ ಯಾರಾದರೂ ವೇದಿಕೆ ಹತ್ತಿ ಇಷ್ಟು ಸಾವಿರ ಕೋಟಿ, ಇಷ್ಟು ಸಾವಿರ ಕೆಲಸ ಎಂದಾಗ ಚಪ್ಪಾಳೆ ತಟ್ಟುವ ಮೊದಲು ಒಂದೇ ಪ್ರಶ್ನೆ ಕೇಳಿ. ಈ ವ್ಯಾಪಾರ ಮುರಿದರೆ ನಮ್ಮ ಹುಡುಗರ ಹೆಸರು ಯಾವ ಕಾಗದದಲ್ಲಿದೆ, ತೋರಿಸಿ.