ರಫಾದಲ್ಲಿ ಬಿದ್ದ ರೇಚಲ್

ಮೈಮೇಲೆ ಕಿತ್ತಳೆ ಬಣ್ಣದ ಹೊಳೆಯುವ ಜಾಕೆಟ್, ಬಳಿಯಲ್ಲೊಂದು ಮೆಗಾಫೋನ್. 2003ರ ಮಾರ್ಚ್ 16ರಂದು ಗಾಜಾದ ರಫಾದಲ್ಲಿ, ಔಷಧ ವ್ಯಾಪಾರಿಯೊಬ್ಬರ ಮನೆ ಉಳಿಸಲು ಇಸ್ರೇಲಿ ಸೇನೆಯ ಬುಲ್ಡೋಜರಿಗೆ ಎದುರು ನಿಂತ ರೇಚಲ್ ಕೋರಿಗಿದ್ದ ರಕ್ಷಣೆ ಇಷ್ಟೇ. ಅಮೆರಿಕದ ಒಲಿಂಪಿಯಾದಿಂದ ಬಂದಿದ್ದ ಈ ವಿದ್ಯಾರ್ಥಿನಿಗೆ ಆಗ 23 ವರ್ಷ.

ಯಂತ್ರ ನಿಲ್ಲಲಿಲ್ಲ.

ಚಾಲಕನಿಗೆ ಆಕೆ ಕಾಣಲಿಲ್ಲ ಎಂದಿತು ಸೇನೆ. ಕಂಡೂ ಹರಿಸಿದ ಎಂದರು ಪಕ್ಕದಲ್ಲೇ ಇದ್ದ ಸಂಗಾತಿಗಳು. ಹೆತ್ತವರು ಹೂಡಿದ ದಾವೆಯನ್ನು 2012ರಲ್ಲಿ ಇಸ್ರೇಲಿನ ಹೈಫಾ ನ್ಯಾಯಾಲಯ ವಜಾ ಮಾಡಿತು, 2015ರಲ್ಲಿ ಆ ದೇಶದ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಯುದ್ಧ ಕಾರ್ಯಾಚರಣೆಯಲ್ಲಾದ ಸಾವಿಗೆ ಸರ್ಕಾರ ಹೊಣೆಯಲ್ಲವಂತೆ! ಬರಿಗೈಯಲ್ಲಿ ನಿಂತಿದ್ದ ಹುಡುಗಿಯ ಮಟ್ಟಿಗೆ ಈ ವಾದವನ್ನು ಒಪ್ಪಲಾಗದು. ಮಗಳ ಹೆಸರಿನಲ್ಲಿ ಪ್ರತಿಷ್ಠಾನ ಕಟ್ಟಿದ ಹೆತ್ತವರ ದುಃಖದಲ್ಲಿ ನಾವೂ ಭಾಗಿಗಳು. ಅದೇ ರಫಾದಲ್ಲಿ ಮನೆ ಕಳೆದುಕೊಂಡ ಕುಟುಂಬಗಳ ದುಃಖದಲ್ಲೂ.